ಐಡಿಯಾ ಹೊಳೆಯುತ್ತಿಲ್ಲ ಅಂದವರಿಗೆ, ತೊಗರಿ ಹೊಲದಿಂದ

ಕಾಲೇಜಿನಲ್ಲಿ ಎರಡು ದಿನ ಡಿಸೈನ್ ಥಿಂಕಿಂಗ್ (ಬಳಸುವವರ ಕಷ್ಟದಿಂದ ಶುರುಮಾಡಿ ಪರಿಹಾರ ಹುಡುಕುವ ವಿಧಾನ) ಕಾರ್ಯಾಗಾರ ಆಯಿತು, ಐದು ಹಂತ ಬಾಯಿಪಾಠ ಇದೆ, ಆದರೂ ಹೊಸದೇನೂ ಹೊಳೆಯುತ್ತಿಲ್ಲ, ಹೊಸದು ಯೋಚಿಸುವ ಮನಸ್ಸು ಬೆಳೆಸಿಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನೀವೂ ಕಲಬುರಗಿಯವರೇ ಅಂದಿರಿ, ಹಾಗಾಗಿ ನಮ್ಮ ಕಡೆಯದನ್ನೇ ಹೇಳುತ್ತೇನೆ.

ನಾನು ಡಿಪ್ಲೊಮಾ ಮುಗಿಸಿ ಸ್ಪ್ರೇಯರ್ ರಿಪೇರಿ ಅಂಗಡಿ ಇಟ್ಟವನು. ತೊಗರಿ ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಕುಡಿ ಚಿವುಟುತ್ತಾರೆ, ಗೊತ್ತಲ್ವಾ? ತುದಿ ಹೋದರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಕಾಯಿ ಜಾಸ್ತಿ. ಕೆಲಸ ಮಾತ್ರ ನಿಧಾನ. ನಾನು ಸ್ಪ್ರೇಯರ್ ಬ್ಯಾಟರಿ, ಸಣ್ಣ ಮೋಟರ್, ಬ್ಲೇಡು, ಪೈಪು ಸೇರಿಸಿ ಚಿವುಟುವ ಮಷಿನ್ ಮಾಡಿದೆ. ಇಂಥವು ಮೊದಲೇ ಇದ್ದವು, ನನ್ನದು ಅಗ್ಗ, ಅಷ್ಟೇ. ಅಂಗಡಿ ಹಿಂದಿನ ಕಸದ ಗಿಡಗಳ ಮೇಲೆ ಓಡಿಸಿ ಒಬ್ಬನೇ ಖುಷಿಪಟ್ಟೆ.

ಆಳಂದ ಕಡೆಯ ಒಂದು ಹೊಲಕ್ಕೆ ಒಯ್ದು ಕೊಟ್ಟೆ. ಬುತ್ತಿ ಬಿಚ್ಚುವ ಹೊತ್ತಿಗೆ ಮಷಿನ್ ಬದುವಿನ ಮೇಲೆ ಮಲಗಿತ್ತು. ಹೆಂಗಸರು ಊಟ ಮಾಡಿ ಎದ್ದು ಮತ್ತೆ ಕೈಯಲ್ಲೇ ಚಿವುಟತೊಡಗಿದರು. ಸಿಟ್ಟು ಬಂತು. ಎದ್ದು ಹೋಗೋಣ ಅಂದರೆ ಬಸ್ಸು ಸಂಜೆಗೇ ಇತ್ತು. ಬೇರೆ ದಾರಿ ಇಲ್ಲದೆ ಕೂತು ನೋಡಿದೆ.

ಪೈಪನ್ನು ನಾನು ನನ್ನ ಎತ್ತರಕ್ಕೆ ಕತ್ತರಿಸಿದ್ದೆ. ಅವರು ಹಿಡಿದರೆ ಮೊಣಕೈ ಭುಜದ ಮಟ್ಟಕ್ಕೆ ಬರುತ್ತಿತ್ತು. ಇದು ನನಗೇ ಕಂಡಿತು. ಇನ್ನೊಂದು ಕಂಡಿರಲಿಲ್ಲ. ಚಿವುಟಿದ ಕುಡಿಯೆಲ್ಲ ಅವರ ಉಡಿಗೆ ಹೋಗುತ್ತಿತ್ತು. ಕೇಳಿದಾಗ ಒಬ್ಬ ಅಮ್ಮ ಅಂದರು: "ಮಷಿನ್ ಛಲೋ ಅದ ತಮ್ಮಾ. ಆದ್ರ ಕುಡಿ ಎಲ್ಲಾ ಮಣ್ಣಾಗ ಬೀಳ್ತಾವ. ಸಂಜಿಗಿ ಆಡಿಗಿ ಮೇವು ಏನ್ ಹಾಕ್ಲಿ?"

ನಾನು ಮಾತಾಡಿದ್ದು ಹೊಲದ ಯಜಮಾನರ ಹತ್ತಿರ. ಅವರಿಗೆ ಬೇಗ ಮುಗಿಯಬೇಕಿತ್ತು. ಮಷಿನ್ ಹಿಡಿಯುವವರನ್ನು ಕೇಳಿಯೇ ಇರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಿಸೈನ್ ಶಾಲೆ ಡಿ.ಸ್ಕೂಲ್ ಕಲಿಸುವ ಐದು ಹಂತಗಳಲ್ಲಿ ಮೊದಲನೆಯದೇ ಇದು: ಬಳಸುವವರ ಕಷ್ಟ ಅರಿಯುವುದು. ನಮ್ಮ ಕಾರ್ಯಾಗಾರಗಳಲ್ಲಿ ಇದಕ್ಕೆ ಅರ್ಧ ಗಂಟೆ, ಗೋಡೆಗೆ ಬಣ್ಣದ ಚೀಟಿ ಅಂಟಿಸಲು ಅರ್ಧ ದಿನ! ಕಷ್ಟ ಅರಿತರೆ ಏನಾಗುತ್ತದೆ ನೋಡಿ: ಅಮೆರಿಕದ ಉದ್ಯಮಿ ಸ್ಯಾಮ್ ಫಾರ್ಬರ್ ಅವರ ಹೆಂಡತಿಗೆ ಸಂಧಿವಾತ, ಸಿಪ್ಪೆ ಹೆರೆಯುವ ಪೀಲರ್ ಹಿಡಿಯಲು ಕಷ್ಟ. ಅದನ್ನು ನೋಡಿಯೇ ಅವರು ದಪ್ಪ, ಮೆತ್ತನೆ ಹಿಡಿಯ ಪೀಲರ್ ಮಾಡಿಸಿದರು. 1990ರಲ್ಲಿ ಆಕ್ಸೊ ಹೆಸರಲ್ಲಿ ಬಂದ ಅದನ್ನು ಕೈ ನೋವಿಲ್ಲದವರೂ ಕೊಂಡರು.

ಹಾಗಾಗಿ ಐಡಿಯಾ ಹುಡುಕುವುದನ್ನು ಸ್ವಲ್ಪ ದಿನ ಬಿಡಿ. ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಒಂದು ತಾಸು ಸುಮ್ನೆ ಕೂತುಕೊಳ್ಳಿ, ಯಾರಿಗೂ ಸಲಹೆ ಕೊಡಬೇಡಿ. ಎಲ್ಲಿ ಹಗ್ಗ ಕಟ್ಟಿದ್ದಾರೆ, ಎಲ್ಲಿ ಇಟ್ಟಿಗೆ ಇಟ್ಟಿದ್ದಾರೆ, ಎಲ್ಲಿ ರಟ್ಟು ಮಡಚಿ ತುರುಕಿದ್ದಾರೆ, ಬರೆದುಕೊಳ್ಳಿ. ಅಲ್ಲೆಲ್ಲ ಯಾರೋ ಒಂದು ತೊಂದರೆಯನ್ನು ಅರ್ಧ ಬಗೆಹರಿಸಿಕೊಂಡಿದ್ದಾರೆ ಅಂತ ಅರ್ಥ. "ಇಂಥದ್ದು ಕೊಟ್ಟರೆ ಬಳಸುತ್ತೀರಾ?" ಅಂತ ಕೇಳಲೇಬೇಡಿ, ನಮ್ಮ ಜನ ಸಂಕೋಚಕ್ಕೆ ಹೂಂ ಅಂದುಬಿಡುತ್ತಾರೆ. "ನಿನ್ನೆ ಹೇಗೆ ಮಾಡಿದ್ರಿ?" ಅಂತ ಕೇಳಿ. ಮೊದಲ ಮಾದರಿಯನ್ನು ರಟ್ಟಿನಲ್ಲೇ ಮಾಡಿ. ನಾನು ಮೊದಲೇ ದುಡ್ಡು ಸುರಿದಿದ್ದಕ್ಕೇ ಆ ದಿನ ಅಷ್ಟು ಸಿಟ್ಟು ಬಂದದ್ದು.

ಆಮೇಲೆ ನಾನು ಪೈಪು ಎರಡು ಗೇಣು ಕಡಿಮೆ ಮಾಡಿದೆ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ. ಕುಡಿ ಹಿಡಿಯಲು ಬಲೆಚೀಲ ಕಟ್ಟಿದರೆ ಹಸಿ ಎಲೆ ಸಿಕ್ಕಿಕೊಂಡಿತು. ಈಗ ಎಣ್ಣೆ ಕ್ಯಾನ್ ಅರ್ಧ ಕತ್ತರಿಸಿ ಕಟ್ಟಿದ್ದೇನೆ, ಆದರೂ ಅರ್ಧ ಕುಡಿ ಮಣ್ಣಿಗೇ ಬೀಳುತ್ತದೆ. ಆಗಸ್ಟ್‌ನಲ್ಲಿ ಮತ್ತೆ ಅದೇ ಹೊಲಕ್ಕೆ ಹೋಗುತ್ತೇನೆ. ಬರುವುದಾದರೆ ಬುತ್ತಿ ಕಟ್ಟಿಕೊಂಡು ಬನ್ನಿ, ಬಸ್ಸು ಈಗಲೂ ಸಂಜೆಗೇ.