ಪ್ರತಿಕ್ರಿಯೆ: ಮಿಲ್ಲರ್ ಪ್ರಯೋಗ ಮತ್ತು ಸಂಜೆಯ ದೀಪ
ಜೀವವು ರಾಸಾಯನಿಕ ಕ್ರಿಯೆಗಳಿಂದ ಹುಟ್ಟಿತೆಂದು ಒಪ್ಪಿದ ಮೇಲೂ ಸಂಜೆ ದೇವರಿಗೆ ದೀಪ ಹಚ್ಚುವುದು ಆತ್ಮವಂಚನೆಯಲ್ಲವೇ ಎಂದು ತಾವು ಕೇಳಿದ್ದೀರಿ. ನನ್ನ ಮಟ್ಟಿಗೆ ಅಲ್ಲ. 1953ರಲ್ಲಿ ಪ್ರಕಟವಾದ ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್ಲರ್ ಅವರ ಪ್ರಯೋಗದಲ್ಲಿ, ಆದಿಕಾಲದ ಭೂಮಿಯ ವಾತಾವರಣದಂತೆ ಬೆರೆಸಿದ ಮೀಥೇನ್, ಅಮೋನಿಯಾ, ಹೈಡ್ರೋಜನ್ ಮತ್ತು ನೀರಾವಿಯ ನಡುವೆ ವಿದ್ಯುತ್ ಕಿಡಿ ಹಾಯಿಸಿದಾಗ, ಒಂದು ವಾರದಲ್ಲಿ ಗಾಜಿನ ಪಾತ್ರೆಯ ನೀರು ಕೆಂಪಾಗಿ, ಅದರಲ್ಲಿ ಗ್ಲೈಸೀನ್‌ನಂತಹ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನಿನ ಮೂಲ ಘಟಕಗಳು, ಕಂಡುಬಂದವು; ಆದರೆ ಜೀವಕೋಶವೇನೂ ಹುಟ್ಟಲಿಲ್ಲ. ಈ ಅಂತರದಲ್ಲೇ ದೇವರಿದ್ದಾನೆ ಎನ್ನುವವರ ವಾದ ನನಗೆ ಹಿಡಿಸುವುದಿಲ್ಲ, ಏಕೆಂದರೆ ನಾಳೆ ಯಾವುದೋ ಪ್ರಯೋಗಾಲಯ ಆ ತೆರಪನ್ನು ತುಂಬಿದರೆ ದೇವರು ಜಾಗ ಖಾಲಿ ಮಾಡಬೇಕಾಗುತ್ತದೆ. ಋಗ್ವೇದದ ನಾಸದೀಯ ಸೂಕ್ತವಂತೂ ಸೃಷ್ಟಿಯ ಮೂಲವು ಅದರ ಅಧ್ಯಕ್ಷನಿಗಾದರೂ ತಿಳಿದಿದೆಯೋ ಇಲ್ಲವೋ ಎಂಬ ಸಂಶಯದಲ್ಲಿಯೇ ಮುಗಿಯುತ್ತದೆ. ನಾನು ದೀಪ ಹಚ್ಚುವುದು ವಿವರಣೆಗಾಗಿ ಅಲ್ಲ, ಬತ್ತಿ ಹೊಸೆಯುವ ಆ ಐದು ನಿಮಿಷ ಮನಸ್ಸು ಒಂದೆಡೆ ನಿಲ್ಲುತ್ತದೆ ಎಂಬುದಕ್ಕಾಗಿ.