ಅರವತ್ತು ಡಾಲರಿನ ಸ್ನೇರ್ ಡ್ರಮ್ಮೂ ಆಕೆ ಕೇಳಿದ ಪ್ರಶ್ನೆಯೂ

ಓದುಗರ ಪತ್ರ: ನಾನಿರುವುದು ಷಿಕಾಗೊ ಹೊರವಲಯದಲ್ಲಿ. ವಯಸ್ಸಾದ ಹೆಂಗಸೊಬ್ಬರು ಮನೆ ಖಾಲಿ ಮಾಡುತ್ತಿದ್ದರು. ಅವರ ಗ್ಯಾರೇಜ್ ಸೇಲ್‌ನಲ್ಲಿ 60 ಡಾಲರ್ ಚೀಟಿ ಅಂಟಿಸಿದ್ದ, ಲಡ್ವಿಗ್ ಕಂಪನಿಯ ಸ್ನೇರ್ ಡ್ರಮ್ (ಅಡಿಯಲ್ಲಿ ತಂತಿ ಬಿಗಿದ ಡ್ರಮ್) ಕೊಂಡೆ. ಕ್ರೋಮ್ ಒಡಲು, ಹೆಡ್ (ಬಾರಿಸುವ ಹಾಳೆ) ಬಿಗಿಯುವ ರಾಡುಗಳು ಕೂರುವ ಹತ್ತು ಲಗ್, ಕಂಪನಿಯ ಕೀಸ್ಟೋನ್ ಬ್ಯಾಡ್ಜ್. ಬ್ಯಾಡ್ಜಿನ ಮೇಲೆ ನಂಬರ್ ಇಲ್ಲದ್ದು ಕಂಡು ಎದೆ ಡವಗುಟ್ಟಿತು. ದುಡ್ಡು ಕೊಡುವಾಗ ಆಕೆ, “ನಮ್ಮ ಯಜಮಾನರದು. ಇದಕ್ಕೇನಾದರೂ ಬೆಲೆ ಇದೆಯೆ?” ಅಂದರು. “ಹಳೇ ಡ್ರಮ್, ಹೆಡ್ ಹೋಗಿವೆ, ಬದಲಿಸಬೇಕು” ಅಂದೆ. ಅದು ಸುಳ್ಳಲ್ಲ. ಬೆಲೆ ಹಾಕಿದ್ದು ಅವರೇ, ನಾನು ಚೌಕಾಸಿ ಕೂಡ ಮಾಡಲಿಲ್ಲ. ಆದರೂ ಎರಡು ವಾರದಿಂದ ಅದನ್ನು ಬಾರಿಸಲು ಮನಸ್ಸಾಗುತ್ತಿಲ್ಲ. ನಾನು ಮಾಡಿದ್ದು ತಪ್ಪೆ?

ಸಂಪಾದಕರ ಉತ್ತರ: ತಪ್ಪು ಒಪ್ಪುಗಳ ಲೆಕ್ಕಕ್ಕೆ ಇಳಿಯುವ ಮೊದಲು ನಿಮ್ಮ ಕೈಗೆ ಬಂದಿರುವುದೇನು ಎಂದು ಖಚಿತ ಮಾಡಿಕೊಳ್ಳಿ. ನಿಮ್ಮ ಪತ್ರದಲ್ಲಿ ಅಪರಾಧಿ ಭಾವವಿದೆ, ಡ್ರಮ್ಮಿನ ಗುರುತು ಮಾತ್ರ ಅರ್ಧಕ್ಕೇ ನಿಂತಿದೆ.

ನೀವು ಊಹಿಸಿರುವುದು ಹಿತ್ತಾಳೆ ಒಡಲಿನ ಸೂಪರ್ ಲಡ್ವಿಗ್ ಇರಬೇಕು. 1960ರ ದಶಕದ ಮೊದಲ ವರ್ಷಗಳಲ್ಲಿ ಲಡ್ವಿಗ್ ಕಂಪನಿ 400ನೇ ಮಾದರಿಯ ಸ್ನೇರ್ ಒಡಲನ್ನು ಹಿತ್ತಾಳೆಯಲ್ಲಿ ಮಾಡಿ ಕ್ರೋಮ್ ಹಾಕುತ್ತಿತ್ತು. 1963ರ ಸುಮಾರಿಗೆ ಅದೇ ಆಕಾರದ ಒಡಲು ಅಲ್ಯೂಮಿನಿಯಮ್ಮಿಗೆ ತಿರುಗಿತು, ಹೆಸರು ಸೂಪ್ರಾಫೋನಿಕ್ ಆಯಿತು. ಬ್ಯಾಡ್ಜಿನ ಮೇಲೆ ಕ್ರಮಸಂಖ್ಯೆ ಬರತೊಡಗಿದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮಾರನೆಯ ವರ್ಷ, 1964ರ ಫೆಬ್ರುವರಿ 9ರ ರಾತ್ರಿ, ಟಿವಿಯ ಎಡ್ ಸಲಿವನ್ ಷೋನಲ್ಲಿ ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಲಡ್ವಿಗ್ ಹೆಸರಿದ್ದ ಡ್ರಮ್ ಸೆಟ್ ಹಿಂದೆ ಕೂತದ್ದನ್ನು ಅಮೆರಿಕವೆಲ್ಲ ನೋಡಿತು. ಆಮೇಲೆ ಷಿಕಾಗೊದ ಕಾರ್ಖಾನೆಗೆ ಬಿಡುವಿರಲಿಲ್ಲ. ಹೀಗಾಗಿ ಅಲ್ಯೂಮಿನಿಯಮ್ಮಿನವು ರಾಶಿ ರಾಶಿ ಸಿಗುತ್ತವೆ, ಅದಕ್ಕೂ ಮುಂಚಿನ ಹಿತ್ತಾಳೆಯವು ಅಪರೂಪ. ದೂರದಿಂದ ನೋಡಿದರೆ ಎರಡೂ ಅವಳಿ ಮಕ್ಕಳು. ಬೆಲೆಯಲ್ಲಿ ಮಾತ್ರ ಕೆಲವು ಪಟ್ಟು ಅಂತರ.

ನಂಬರ್ ಇಲ್ಲ ಎಂಬುದೊಂದನ್ನೇ ನಂಬಬೇಡಿ. ಒಡಲು ಬದಲಾದದ್ದೂ ಬ್ಯಾಡ್ಜ್ ಬದಲಾದದ್ದೂ ಒಂದೇ ದಿನ ಅಲ್ಲ, ಸಂಧಿಕಾಲದ ಬೆರಕೆ ಡ್ರಮ್‌ಗಳಿವೆ. ಮೇಲಾಗಿ ಬ್ಯಾಡ್ಜನ್ನು ಕಿತ್ತು ಬೇರೆಯದರ ಮೇಲೆ ಕೂರಿಸುವುದು ಕಷ್ಟದ ಕೆಲಸವೇನಲ್ಲ. ಮ್ಯಾಗ್ನೆಟ್ ಹಿಡಿದರೆ ಒಡಲು ಉಕ್ಕಿನದೋ ಅಲ್ಲವೋ ಎಂದಷ್ಟೇ ತಿಳಿಯುತ್ತದೆ, ಏಕೆಂದರೆ ಹಿತ್ತಾಳೆಗೂ ಅಲ್ಯೂಮಿನಿಯಮ್ಮಿಗೂ ಅದು ಅಂಟುವುದಿಲ್ಲ. ಹಿಡಿಯುವುದಾದರೆ ಒಡಲಿಗೇ ಹಿಡಿಯಿರಿ. ಹೆಡ್ಡನ್ನು ಹಿಡಿದಿಡುವ ಮೇಲಿನ ಹೂಪ್ (ಬಳೆ) ಉಕ್ಕಿನದಿದ್ದರೆ ಒಳ್ಳೆಯ ಡ್ರಮ್ಮನ್ನೂ ಸುಮ್ಮನೆ ಶಂಕಿಸಿಬಿಡುತ್ತೀರಿ.

ಆಮೇಲೆ ಕ್ರೋಮನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಅಲ್ಯೂಮಿನಿಯಮ್ಮಿನ ಮೇಲೆ ಕ್ರೋಮ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸಣ್ಣ ತೂತಿನಿಂದ ತೇವ ಇಳಿಯಿತೆಂದರೆ ಅಡಿಯಲ್ಲಿ ಬಿಳಿ ಪುಡಿ ಕಟ್ಟಿ, ಕ್ರೋಮ್ ಗುಳ್ಳೆಯಂತೆ ಎದ್ದು, ಕೊನೆಗೆ ಉದುರುತ್ತದೆ. ಕೈಬೆವರು ತಾಗುವ ಕಡೆ ಇದು ಹೆಚ್ಚು. ಅಂಥ ಬಿಳಿ ಗುಳ್ಳೆ ಕಂಡರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ನಿಮ್ಮದು ಅಲ್ಯೂಮಿನಿಯಂ. ಕ್ರೋಮ್ ನುಣ್ಣಗಿದ್ದರೆ ಮಾತ್ರ ಮುಂದುವರಿಯಿರಿ. ಕೆಳಗಿನ ಹೆಡ್ಡಿನ ಹತ್ತು ರಾಡನ್ನೂ ಎದುರುಬದುರಾಗಿ, ಒಂದೊಂದು ಸಲಕ್ಕೆ ಅರ್ಧ ಸುತ್ತಿನಂತೆ ಸಡಿಲಿಸಿ. ಒಂದೇ ಕಡೆ ಬಿಚ್ಚುತ್ತ ಹೋದರೆ ಹೂಪ್ ಸೊಟ್ಟಗಾಗುತ್ತದೆ, ತೆಳುವಾದ ಕೆಳ ಹೆಡ್ ಹರಿಯುತ್ತದೆ. ಮೇಲಿನದನ್ನು ಪೂರ್ತಿ ತೆಗೆಯಿರಿ. ಈಗ ಒಂದೇ ಒಂದು ಲಗ್ಗಿನ ಕೆಳ ರಾಡನ್ನು ತೆಗೆದು, ಒಳಗಿನಿಂದ ಅದರ ಸ್ಕ್ರೂ ಬಿಚ್ಚಿ. ಲಗ್ ಮುಚ್ಚಿಕೊಂಡಿದ್ದ ತೂತಿನ ಅಂಚು ನೋಡಿ. ಹಳದಿ ಕಂಡರೆ ಹಿತ್ತಾಳೆ, ಬೂದುಬಿಳಿ ಕಂಡರೆ ಅಲ್ಯೂಮಿನಿಯಂ. ಅಂಚಿಗೂ ಕ್ರೋಮ್ ಹತ್ತಿದ್ದರೆ ಕೆರೆಯಲು ಹೋಗಬೇಡಿ. ಸ್ನೇಹಿತರ ಸೂಪ್ರಾಫೋನಿಕ್ ಇದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ. ಅಳತೆಗೆ ಅಳತೆ ಹಿತ್ತಾಳೆ ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟು ಭಾರದ ಲೋಹ, ತಕ್ಕಡಿ ಸುಳ್ಳು ಹೇಳದು. ಕೆರೆಯಬೇಡಿ ಎಂದದ್ದೇಕೆಂದರೆ, ಆ ಡ್ರಮ್ ನಿಮ್ಮದಾಗಿಯೇ ಉಳಿಯುತ್ತದೆಂದು ಇನ್ನೂ ಹೇಳಲಾಗದು.

ಇನ್ನು ದುಡ್ಡಿನ ಲೆಕ್ಕ. ಪತ್ರ ಬರೆಯುವ ಅನೇಕರು ಇಲ್ಲಿ ಎಡವುತ್ತಾರೆ. ಇಂಟರ್ನೆಟ್ಟಿನಲ್ಲಿ ಯಾರೋ ಕೇಳಿರುವ ಬೆಲೆ ಬೆಲೆಯಲ್ಲ, ಮಾರಿಹೋದದ್ದು ಬೆಲೆ. ಲೆಕ್ಕಕ್ಕೆ ಹೀಗೆ ಹಿಡಿಯೋಣ: ನಿಮ್ಮದು ಹಿತ್ತಾಳೆಯದೇ, ಹೆಚ್ಚುವರಿ ತೂತಿಲ್ಲ, ಸ್ನೇರ್ ತಂತಿ ಬಿಗಿಯುವ ಸ್ಟ್ರೈನರ್ ಮೂಲದ್ದೇ, ಹಾಗಾಗಿ 1,200 ಡಾಲರಿಗೆ ಹೋಯಿತು. ಜಾಲತಾಣದ ಕಮಿಷನ್ನು ಮತ್ತು ಹಣ ಪಾವತಿಯ ಶುಲ್ಕ ಶೇ. 10 ಅಂದರೆ 120. ಪೆಟ್ಟಿಗೆ, ಸಾಗಣೆ 50. ಎರಡು ಹೆಡ್, ಸ್ನೇರ್ ತಂತಿ 70. ಉಳಿದದ್ದು 960. ಅದೇ ಡ್ರಮ್ ಗುಳ್ಳೆ ಎದ್ದ ಅಲ್ಯೂಮಿನಿಯಮ್ಮಿನದಾಗಿ 350ಕ್ಕೆ ಹೋದರೆ, 35, 50, 70 ಕಳೆದು ಉಳಿಯುವುದು 195. ನೀವು ಕೊಟ್ಟ 60 ತೆಗೆದರೆ 135. ಒಂದು ಭಾನುವಾರದ ಓಡಾಟ, ಒಂದು ಸಂಜೆಯ ರಿಪೇರಿ, ಮೇಲೆ ಹಣ ಸಿಕ್ಕಿಬೀಳುವ ಅಪಾಯ ಇವಕ್ಕೆಲ್ಲ 135 ಡಾಲರ್ ಲೂಟಿಯಲ್ಲ. ಅಲ್ಯೂಮಿನಿಯಂ ಎಂದು ಖಚಿತವಾದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ, ನೆಮ್ಮದಿಯಾಗಿ ಬಾರಿಸಿ.

ಹಿತ್ತಾಳೆಯಾಗಿದ್ದರೆ ನಿಮ್ಮ ಪ್ರಶ್ನೆಗೆ ಬರಲೇಬೇಕು. “ಬೆಲೆ ಹಾಕಿದ್ದು ಅವರೇ” ಎಂಬ ನಿಮ್ಮ ವಾದ ಅರ್ಧ ದೂರ ನಿಲ್ಲುತ್ತದೆ. ಹಳೆಯ ಸಾಮಾನಿನ ಅಂಗಡಿಯವನೋ, ಕಮಿಷನ್ ಪಡೆದು ಎಸ್ಟೇಟ್ ಸೇಲ್ (ಮನೆ ಸಾಮಾನಿನ ಮಾರಾಟ) ನಡೆಸುವ ಕಂಪನಿಯೋ ಚೀಟಿ ಅಂಟಿಸಿದ್ದರೆ, ಕೇಳಿದಷ್ಟು ಕೊಟ್ಟು ತಂದದ್ದಕ್ಕೆ ನಾನು ನಿಮ್ಮನ್ನು ಏನೂ ಅನ್ನುತ್ತಿರಲಿಲ್ಲ. ಬೆಲೆ ತಿಳಿಯುವುದು ಅವರ ಕಸುಬು, ಅದಕ್ಕೇ ಅವರಿಗೆ ಸಂಬಳ. ನೀವು ವರ್ಷಗಟ್ಟಲೆ ಬ್ಯಾಡ್ಜು, ಲಗ್ಗುಗಳ ಹಿಂದೆ ಬಿದ್ದು ಕಲಿತದ್ದನ್ನು ಅವರಿಗೆ ಬಿಟ್ಟಿಯಾಗಿ ಒಪ್ಪಿಸಬೇಕಿಲ್ಲ.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಇಂಥ ಚರ್ಚೆ ಎದ್ದಾಗಲೆಲ್ಲ ಲೇಯ್ಡ್‌ಲಾ ವಿರುದ್ಧ ಆರ್ಗನ್ ಎಂಬ 1817ರ ಸುಪ್ರೀಂ ಕೋರ್ಟ್ ತೀರ್ಪನ್ನು ಎತ್ತಿ ಹಿಡಿಯುತ್ತಾರೆ. 1815ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆರ್ಗನ್ ಎಂಬ ವ್ಯಾಪಾರಿಗೆ, ಬ್ರಿಟನ್ನಿನ ಜೊತೆಗಿನ ಯುದ್ಧ ಮುಗಿದ ಸುದ್ದಿ ಊರಿಗೆ ಹಬ್ಬುವ ಮೊದಲೇ ಸಿಕ್ಕಿತು. ಬೆಳಬೆಳಗ್ಗೆ ಹೋಗಿ 111 ಪೀಪಾಯಿ ತಂಬಾಕು ಕೊಂಡ. ಸುದ್ದಿ ಹೊರಬಿದ್ದೊಡನೆ ಬೆಲೆ ಶೇ. 30ರಿಂದ 50ರಷ್ಟು ಏರಿತು. ಕೊಳ್ಳುವವನು ತನಗೆ ಗೊತ್ತಿರುವುದನ್ನೆಲ್ಲ ಹೇಳಬೇಕಿಲ್ಲ ಎಂದಿತು ಕೋರ್ಟು. ಸಂಗ್ರಾಹಕರು ತೀರ್ಪನ್ನು ಇಷ್ಟಕ್ಕೇ ಓದಿ ಮಡಚಿಡುತ್ತಾರೆ. ಆದರೆ ಆ ಬೆಳಗ್ಗೆ ಮಾರುವ ಕಡೆಯವನು ಆರ್ಗನ್‌ನನ್ನು, ಬೆಲೆ ಏರಿಸುವಂಥ ಸುದ್ದಿ ಏನಾದರೂ ಇದೆಯೆ ಎಂದು ಕೇಳಿದ್ದ. ಎದುರಿನವರನ್ನು ದಾರಿ ತಪ್ಪಿಸುವಂಥದ್ದೇನನ್ನೂ ಆಡಬಾರದು, ಮಾಡಬಾರದು ಎಂದೂ ಅದೇ ತೀರ್ಪು ಹೇಳಿತು. ಹಾಗೇನಾದರೂ ನಡೆದಿತ್ತೇ ಎಂದು ತೀರ್ಮಾನಿಸಲು ಮೊಕದ್ದಮೆಯನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು.

ನಮ್ಮ 1872ರ ಭಾರತೀಯ ಕರಾರು ಕಾಯ್ದೆ ನಿಮ್ಮ ಇಲಿನಾಯ್ ವ್ಯವಹಾರಕ್ಕೆ ಅನ್ವಯಿಸದು ನಿಜ. ಆದರೂ ಅದರ 17ನೇ ಕಲಮಿನ ನಾಲ್ಕು ಉದಾಹರಣೆಗಳನ್ನು ನಿಮ್ಮ ಪತ್ರದ ಪಕ್ಕ ಇಟ್ಟುಕೊಂಡು ಓದಿದೆ. ಇಬ್ಬರು ವ್ಯಾಪಾರಿಗಳಲ್ಲಿ ಒಬ್ಬನಿಗೆ ಬೆಲೆ ಬದಲಾದ ಗುಟ್ಟು ಗೊತ್ತಿದ್ದರೆ ಅವನು ಬಾಯಿ ಬಿಡಬೇಕಿಲ್ಲ ಎನ್ನುತ್ತದೆ ಒಂದು. ಗಮನಿಸಿ, ಅಲ್ಲಿ ಇಬ್ಬರೂ ವ್ಯಾಪಾರಿಗಳು. ಇನ್ನೊಂದರಲ್ಲಿ ಕುದುರೆ ಕೊಳ್ಳುವವನು ಮಾರುವವನಿಗೆ, “ನೀನು ಅಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ” ಅನ್ನುತ್ತಾನೆ. ಮಾರುವವನು ತುಟಿ ಬಿಚ್ಚುವುದಿಲ್ಲ. ಅಲ್ಲಿ ಮೌನವೂ ಮಾತೇ ಎನ್ನುತ್ತದೆ ಕಾಯ್ದೆ. ನೀವಾದರೋ ಸುಮ್ಮನೆ ಕೂಡ ಇರಲಿಲ್ಲ. ಆಕೆ ಬೆಲೆ ಕೇಳಿದರು, ನೀವು ಹೆಡ್ಡಿನ ಮಾತಾಡಿದಿರಿ. ಅಶ್ವತ್ಥಾಮ ಸತ್ತದ್ದೂ ನಿಜವೇ, ಆನೆ ಎಂಬುದನ್ನು ಧರ್ಮರಾಯ ಮೆಲ್ಲಗೆ ಹೇಳಿದನಷ್ಟೆ.

ಆಗ ನನಗೂ ಖಚಿತವಿರಲಿಲ್ಲವಲ್ಲ ಎನ್ನಬಹುದು. 1885ರಲ್ಲಿ ವಿಸ್ಕಾನ್ಸಿನ್ ಕೋರ್ಟಿನ ಮುಂದೆ ಒಂದು ಡಾಲರಿಗೆ ಮಾರಿದ ಕಲ್ಲಿನ ಕತೆ ಬಂತು. ಅದು ಸುಮಾರು 700 ಡಾಲರಿನ ವಜ್ರ ಎಂದು ಆಮೇಲೆ ತಿಳಿಯಿತು. ವ್ಯಾಪಾರ ರದ್ದಾಗಲಿಲ್ಲ, ಏಕೆಂದರೆ ಕೊಟ್ಟವಳಿಗೂ ಗೊತ್ತಿರಲಿಲ್ಲ, ಕೊಂಡವನಿಗೂ ಗೊತ್ತಿರಲಿಲ್ಲ. ನಿಮ್ಮ ಎದೆ ಡವಗುಟ್ಟಿತ್ತು ಎಂದು ನೀವೇ ಬರೆದಿದ್ದೀರಿ. ಖಚಿತ ಬೆಲೆ ಹೇಳಬೇಕಿರಲಿಲ್ಲ, ಗುಮಾನಿಯನ್ನು ಹೇಳಿದ್ದರೆ ಸಾಕಿತ್ತು: “ಇದು ಬೆಲೆಬಾಳುವ ಮಾದರಿ ಇರಬಹುದು. ಬಿಚ್ಚಿ ನೋಡದೆ ಹೇಳಲಾರೆ. ಈಗಲೇ ಕೊಡುವುದಾದರೆ ಇಷ್ಟು ಕೊಡುತ್ತೇನೆ.”

ಹೀಗೆ ಹೇಳಿದರೆ ಡ್ರಮ್ ಕೈತಪ್ಪುತ್ತದೆ ಎಂಬ ಭಯ ಸುಳ್ಳಲ್ಲ. ಆ ಮಾತು ಕೇಳಿದವರು ಫೋನ್ ತೆಗೆದು, ಹೊಳೆಯುವ ಡ್ರಮ್ಮಿಗೆ ಯಾರೋ ಹಾಕಿದ ಆಸೆಬೆಲೆ ನೋಡಿ, ಗುಳ್ಳೆ ಎದ್ದದ್ದಕ್ಕೂ ಅಷ್ಟೇ ಕೇಳುವುದುಂಟು. ಅದಕ್ಕೇ ಬೆಲೆಯನ್ನಷ್ಟೇ ಹೇಳಬೇಡಿ, ಮಾರಾಟವಾದ ಎರಡು ಮೂರು ಡ್ರಮ್‌ಗಳ ದರ ತೋರಿಸಿ, ಕುಂದುಗಳನ್ನು ಅವರ ಬೆರಳಿನಿಂದಲೇ ಮುಟ್ಟಿಸಿ. ಅಷ್ಟಾದರೂ ಕೈತಪ್ಪುವ ಡ್ರಮ್‌ಗಳಿವೆ. ಇರಲಿ.

ಈಗ ಮಾಡಬೇಕಾದದ್ದು. ಆಕೆ ಮನೆ ಬಿಡುವ ಮೊದಲೇ ಹೋಗಿ. ಗಂಡನ ವಸ್ತುವಿನ ಬೆಲೆಯನ್ನು ದಿಢೀರನೆ ಮುಂದಿಟ್ಟು ಗಾಬರಿ ಮಾಡಬೇಡಿ, ಮಕ್ಕಳು ಯಾರಾದರೂ ಇದ್ದರೆ ಅವರನ್ನೂ ಕೂರಿಸಿಕೊಂಡು ಹೇಳಿ. ಎರಡು ದಾರಿಯನ್ನೂ ಬಿಡಿಸಿ ಹೇಳಿ: 60 ಡಾಲರ್ ವಾಪಸ್ ಪಡೆದು ಡ್ರಮ್ ಕೊಟ್ಟುಬಿಡುತ್ತೇನೆ, ಇಲ್ಲವೆ ಡ್ರಮ್ ಇಟ್ಟುಕೊಂಡು ಇನ್ನಷ್ಟು ಕೊಡುತ್ತೇನೆ. ಎಷ್ಟು? ಹಳೆಯ ವಾದ್ಯದ ಅಂಗಡಿಯವರು ಸಾಮಾನ್ಯವಾಗಿ ತಾವು ಮಾರುವ ಬೆಲೆಯ ಅರ್ಧದ ಆಸುಪಾಸು ಕೊಡುತ್ತಾರೆ. ನಾನು ಖರ್ಚು ಕಳೆದ ಮೊತ್ತದ ಅರ್ಧ ಎನ್ನುತ್ತೇನೆ. 960ರಲ್ಲಿ 480, ಕೊಟ್ಟಾಗಿರುವ 60 ಕಳೆದು ಇನ್ನು 420. ಉಳಿದರ್ಧ ನಿಮ್ಮ ಕಣ್ಣಿನ, ಕೈಯ ಕೂಲಿ. ನೀವು ಡ್ರಮ್ ಮಾರುವುದಿಲ್ಲ, ಬಾರಿಸುತ್ತೀರಿ ಎಂದರೂ ಲೆಕ್ಕ ಅದೇ. ಎಲ್ಲ ಕೇಳಿಯೂ ಆಕೆ ಬೇಡ, ಇಟ್ಟುಕೊಳ್ಳಿ ಎಂದರೆ ಒತ್ತಾಯ ಮಾಡಬೇಡಿ. ತಿಳಿದು ಕೊಟ್ಟದ್ದು ಉಡುಗೊರೆ.

ಅಲ್ಲಿಯವರೆಗೆ ಕ್ರೋಮಿಗೆ ಪಾಲಿಷ್ ಹಚ್ಚಬೇಡಿ, ಬಿಚ್ಚಿದ ಸ್ಕ್ರೂಗಳನ್ನು ಆಯಾ ಲಗ್ಗಿನ ಹೆಸರಿನಲ್ಲೇ ಲಕೋಟೆಗೆ ಹಾಕಿಡಿ. ಹರಿದ ಹಳೆಯ ಹೆಡ್‌ಗಳನ್ನೂ ಎಸೆಯಬೇಡಿ. ಅವುಗಳ ಮೇಲೆ ವೆದರ್ ಮಾಸ್ಟರ್ ಎಂಬ ಲಡ್ವಿಗ್ ಮುದ್ರೆ ಇದ್ದರೆ ಸಂಗ್ರಾಹಕರು ಅದಕ್ಕೂ ನಾಲ್ಕು ಕಾಸು ಕೊಡುತ್ತಾರೆ. ಅದನ್ನೂ ಆಕೆಗೆ ಹೇಳಿ.