ಓದುಗರ ಪ್ರಶ್ನೆ: ರಸ್ತೆ ಕೆಲಸದ ದೂಳು ಮತ್ತು ‘ಮಿತಿಯೊಳಗಿದೆ’ ಎಂಬ ವರದಿ

ಪ್ರಶ್ನೆ: ನಮ್ಮ ಮನೆ ಮತ್ತು ತೆಂಗಿನ ತೋಟ ಅಗಲೀಕರಣವಾಗುತ್ತಿರುವ ಹೆದ್ದಾರಿಯಿಂದ ಸುಮಾರು ಎಪ್ಪತ್ತು ಮೀಟರ್ ದೂರದಲ್ಲಿವೆ. ಒಂದು ವರ್ಷದಿಂದ ಮಣ್ಣು ಹೊತ್ತ ಟಿಪ್ಪರುಗಳು ಹಗಲೆಲ್ಲ ಓಡಾಡುತ್ತಿದ್ದು, ಒಣಹಾಕಿದ ಬಟ್ಟೆ, ತೆಂಗಿನ ಗರಿ, ಹಸುವಿಗೆ ಕೊಯ್ದು ತಂದ ಹುಲ್ಲು ಎಲ್ಲದರ ಮೇಲೂ ಕೆಂದೂಳು ಕೂರುತ್ತದೆ. ಉಬ್ಬಸವಿರುವ ತಾಯಿಯವರಿಗೆ ಸಂಜೆಯ ಹೊತ್ತಿಗೆ ಕಷ್ಟ ಹೆಚ್ಚಾಗುತ್ತದೆ. ಗುತ್ತಿಗೆದಾರರನ್ನು ಕೇಳಿದರೆ, ಕ್ಯಾಂಪಿನ ಚಾವಣಿಯ ಮೇಲೆ ಜುಲೈನಲ್ಲಿ ಮಾಡಿಸಿದ ಮಾಪನದ ವರದಿ ತೋರಿಸಿ, ‘ಪಿಎಂ 10 ಪ್ರಮಾಣ 98, ಮಿತಿಯೊಳಗಿದೆ’ ಎನ್ನುತ್ತಾರೆ. ಮೊಬೈಲಿನ ಆ್ಯಪ್ ಕೂಡ ‘ತೃಪ್ತಿಕರ’ ಎಂದೇ ತೋರಿಸುತ್ತದೆ. ನಮ್ಮ ಕಣ್ಣನ್ನು ನಂಬಬೇಕೋ, ಈ ಅಂಕಿಗಳನ್ನೋ? – ತುಮಕೂರು ಜಿಲ್ಲೆಯ ಓದುಗರು

ಉತ್ತರ: ಎರಡೂ ಸುಳ್ಳಲ್ಲದಿರಬಹುದು. ಮೊದಲಿಗೆ ಆ 98 ಎಂಬುದು ಏನನ್ನು ಅಳೆದ ಅಂಕಿ ಎಂಬುದನ್ನು ನೋಡೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರ ನವೆಂಬರಿನಲ್ಲಿ ಪ್ರಕಟಿಸಿದ ರಾಷ್ಟ್ರೀಯ ಮಾನದಂಡದ ಪ್ರಕಾರ, ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 10 ಕಣಗಳ (ಗಾಳಿಯಲ್ಲಿ ತೇಲುವ ಸಣ್ಣ ದೂಳಿನ ಕಣಗಳ) 24 ಗಂಟೆಗಳ ಸರಾಸರಿ 100 ಮೈಕ್ರೊಗ್ರಾಂ, ವಾರ್ಷಿಕ ಸರಾಸರಿ 60 ಮೈಕ್ರೊಗ್ರಾಂ ಮೀರಬಾರದು. ಇನ್ನೂ ಸಣ್ಣದಾದ ಪಿಎಂ 2.5 ಕಣಗಳಿಗೆ ಈ ಮಿತಿಗಳು ಕ್ರಮವಾಗಿ 60 ಮತ್ತು 40. (ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 10ಕ್ಕೆ ಸೂಚಿಸಿದ 24 ಗಂಟೆಗಳ ಮಟ್ಟ 45 ಎಂಬುದನ್ನೂ ನೆನಪಿಡಬಹುದು.) ಇಲ್ಲಿ ಗಮನಿಸಬೇಕಾದ ಮಾತು ‘24 ಗಂಟೆಗಳ ಸರಾಸರಿ’ ಎಂಬುದು. ಕೆಲಸ ನಡೆಯುವ ಹತ್ತು ಗಂಟೆ ಗಾಳಿಯಲ್ಲಿ 180 ಇದ್ದು, ಉಳಿದ ಹದಿನಾಲ್ಕು ಗಂಟೆ 40ಕ್ಕೆ ಇಳಿದಿತ್ತು ಎಂದುಕೊಳ್ಳಿ; ದಿನದ ಸರಾಸರಿ 98 ಬರುತ್ತದೆ. ವರದಿ ಮಿತಿಯೊಳಗೇ ಇರುತ್ತದೆ, ಆದರೆ ನಿಮ್ಮ ತಾಯಿಯವರು ಹಗಲೆಲ್ಲ ಉಸಿರಾಡಿದ್ದು 180ರ ಗಾಳಿಯನ್ನು.

ಎರಡನೆಯದಾಗಿ, ನಿಮ್ಮ ಗರಿಯ ಮೇಲೆ ಕೂತ ಕೆಂದೂಳಿನ ಬಹುಪಾಲು ಈ ಲೆಕ್ಕದೊಳಕ್ಕೇ ಬರುವುದಿಲ್ಲ. ಪಿಎಂ 10 ಎಂದರೆ ಹತ್ತು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮತ್ತು ಅದಕ್ಕಿಂತ ಸಣ್ಣ ಕಣ. ಮಣ್ಣಿನ ದಾರಿಯಿಂದ ಎದ್ದು ಹತ್ತಿರದಲ್ಲೇ ಕೂರುವ ಕಣಗಳು ತೂಕದ ಲೆಕ್ಕದಲ್ಲಿ ಹೆಚ್ಚಾಗಿ ಅದಕ್ಕಿಂತ ದಪ್ಪವಾಗಿರುತ್ತವೆ. 2009ರ ಮಾನದಂಡದಲ್ಲಿರುವ ಹನ್ನೆರಡು ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ಹೀಗೆ ಕೂರುವ ದೂಳು ಇಲ್ಲ. ಆದ್ದರಿಂದ ಬೆಳೆಗೆ, ಮೇವಿಗೆ ಆದ ತೊಂದರೆಯ ದೂರಿಗೆ ಪಿಎಂ 10 ವರದಿಯನ್ನು ಉತ್ತರವಾಗಿ ತೋರಿಸಿದರೆ ಅದು ಉತ್ತರವಾಗುವುದಿಲ್ಲ ಎಂದು ನೀವು ಧೈರ್ಯವಾಗಿ ಹೇಳಬಹುದು.

ಮಾಪನದ ವಿಧಾನವನ್ನು ತಿಳಿದರೆ ಯಾವ ಪ್ರಶ್ನೆ ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ. ರೂಢಿಯಲ್ಲಿರುವ ಯಂತ್ರ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿಯನ್ನು ಎಳೆದು, ದಪ್ಪ ಕಣಗಳನ್ನು ಬೇರ್ಪಡಿಸಿ, ಉಳಿದದ್ದನ್ನು ಗಾಜಿನ ನಾರಿನ ಶೋಧಕದ ಮೇಲೆ ಹಿಡಿಯುತ್ತದೆ. ಶೋಧಕದ ಮೊದಲಿನ ಮತ್ತು ಆಮೇಲಿನ ತೂಕದ ವ್ಯತ್ಯಾಸವನ್ನು ಹಾದುಹೋದ ಗಾಳಿಯ ಪ್ರಮಾಣದಿಂದ ಭಾಗಿಸಿದರೆ ಅಂಕಿ ಸಿಗುತ್ತದೆ. ದಿನವಿಡೀ ಓಡಿದರೆ ಸುಮಾರು 1,584 ಘನ ಮೀಟರ್ ಗಾಳಿ ಹಾದುಹೋಗುತ್ತದೆ, 100 ಮೈಕ್ರೊಗ್ರಾಂ ಎಂದರೆ ಅಷ್ಟು ಗಾಳಿಯಿಂದ ಶೋಧಕಕ್ಕೆ ಅಂಟುವ ದೂಳು 0.16 ಗ್ರಾಂ ಮಾತ್ರ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ನಡುವೆ ಕರೆಂಟ್ ಹೋಗಿ ಯಂತ್ರ ನಿಂತಿತ್ತೇ, ಶೋಧಕ ಎಷ್ಟು ಬಾರಿ ಬದಲಾಯಿತು, ಗಾಳಿಯ ಹರಿವನ್ನು ಬರೆದಿಟ್ಟಿದ್ದಾರೆಯೇ ಎಂಬ ಸಣ್ಣ ಸಂಗತಿಗಳು ಇಂಥಲ್ಲಿ ದೊಡ್ಡವಾಗುತ್ತವೆ.

ಇದಕ್ಕಿಂತಲೂ ಮುಖ್ಯವಾದದ್ದು ಯಂತ್ರವನ್ನು ಇಟ್ಟ ಜಾಗ ಮತ್ತು ದಿನ. ಜುಲೈನಲ್ಲಿ ನೆಲ ಒದ್ದೆಯಾಗಿರುತ್ತದೆ. ಮುಂಗಾರಿನ ಗಾಳಿ ನಮ್ಮ ಬಯಲುಸೀಮೆಯಲ್ಲಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುತ್ತದೆ. ಕ್ಯಾಂಪು ರಸ್ತೆಯ ಪಶ್ಚಿಮಕ್ಕಿದ್ದರೆ ಅಂದಿನ ದೂಳು ಯಂತ್ರದ ಕಡೆಗೆ ಬಂದೇ ಇರುವುದಿಲ್ಲ. ಕೆಲಸದಿಂದ ಎಷ್ಟು ದೂಳು ಸೇರಿತು ಎಂದು ತಿಳಿಯಲು ಒಂದು ಯಂತ್ರ ಸಾಲದು. ಗಾಳಿ ಬರುವ ಕಡೆ ಒಂದು, ಹೋಗುವ ಕಡೆ ಜನವಸತಿಯ ಬಳಿ ಇನ್ನೊಂದು, ಎರಡೂ ಒಂದೇ ಹೊತ್ತಿಗೆ ಓಡಬೇಕು, ಜೊತೆಗೆ ಗಾಳಿಯ ದಿಕ್ಕು ಮತ್ತು ವೇಗ ದಾಖಲಾಗಬೇಕು. ಅವೆರಡರ ವ್ಯತ್ಯಾಸವೇ ರಸ್ತೆ ಕೆಲಸದ ಪಾಲು. ನನ್ನ ಅಭಿಪ್ರಾಯದಲ್ಲಿ, ಆ ದಿನ ಎಷ್ಟು ಟಿಪ್ಪರು ಓಡಿದವು ಎಂಬ ಸಾಲು ಇಲ್ಲದ ವರದಿಗೆ ಮೊಹರಿನ ಬೆಲೆ ಇದೆಯೇ ಹೊರತು ಮಾಹಿತಿಯ ಬೆಲೆ ಇಲ್ಲ.

ಆ್ಯಪಿನ ವಿಷಯ ಬೇಗ ಮುಗಿಯುತ್ತದೆ. ಹತ್ತಿರದಲ್ಲಿ ಮಾಪನ ಕೇಂದ್ರವಿಲ್ಲದಿದ್ದರೆ ಅದು ದೂರದ ನಗರದ ಕೇಂದ್ರದ ಅಥವಾ ಗಣಿತದ ಅಂದಾಜಿನ ಅಂಕಿಯನ್ನು ನಿಮ್ಮ ಊರಿನ ಹೆಸರಿನಲ್ಲಿ ತೋರಿಸುತ್ತದೆ.

ಈಗ ನೀವು ಮಾಡಬಹುದಾದದ್ದು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಡಿ ಅನುಮತಿ ಪಡೆದ ಯೋಜನೆಯಾದರೆ, ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಆದರೆ 2013ರ ತಿದ್ದುಪಡಿಯ ನಂತರ ರಾಷ್ಟ್ರೀಯ ಹೆದ್ದಾರಿಯ ಅಗಲೀಕರಣಕ್ಕೆ ಈ ಅನುಮತಿ ಬೇಕಾಗುವುದು, ಉದ್ದ 100 ಕಿಲೋಮೀಟರ್ ಮೀರಿ, ಈಗಿರುವ ಜಾಡಿನಲ್ಲಿ 40 ಮೀಟರಿಗಿಂತ ಹೆಚ್ಚು ಅಗಲದ ಹೊಸ ಭೂಮಿ ಬೇಕಾದಾಗ (ಬೈಪಾಸ್ ಅಥವಾ ಜಾಡು ಬದಲಾದ ಕಡೆ ಈ ಮಿತಿ 60 ಮೀಟರ್). ನಿಮ್ಮ ರಸ್ತೆ ಅದಕ್ಕಿಂತ ಚಿಕ್ಕದಾಗಿದ್ದರೂ ನಿರಾಶರಾಗಬೇಕಿಲ್ಲ. ಡಾಂಬರು ಮಿಶ್ರಣ ಮಾಡುವ ಹಾಟ್ ಮಿಕ್ಸ್ ಘಟಕಕ್ಕೂ ಜಲ್ಲಿ ಕ್ರಷರಿಗೂ 1981ರ ವಾಯು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕೇ ಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನದ ಗಡುವು. ಬರೀ ‘ವರದಿ ಕೊಡಿ’ ಎನ್ನದೆ, ಮಾಪನದ ದಿನಾಂಕ, ಜಾಗದ ನಕ್ಷೆ, ಗಾಳಿಯ ದಿಕ್ಕು, ಶೋಧಕದ ತೂಕದ ದಾಖಲೆ, ನೀರು ಚಿಮುಕಿಸಿದ ರಿಜಿಸ್ಟರ್ ಮತ್ತು ಕೆಲಸ ಶುರುವಾಗುವ ಮುಂಚಿನ ಮಾಪನದ ಪ್ರತಿ ಎಂದು ಬಿಡಿಸಿ ಕೇಳಿ. ಕೊನೆಯದ್ದು ಸಿಕ್ಕರೆ ಹೋಲಿಕೆಗೆ ನಿಮಗೊಂದು ನೆಲೆ ಸಿಕ್ಕಂತೆ. ಇಷ್ಟರೊಳಗೆ ತಾಯಿಯವರನ್ನು ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಪ್ರಶ್ನೆ: ಅಂತರ್ಜಾಲದಲ್ಲಿ ಸಿಗುವ ಚಿಕ್ಕ ಮಾಪಕವನ್ನು ಕೊಂಡು ನಾವೇ ಅಳೆದರೆ ಅದು ಸಾಕ್ಷಿಯಾಗುತ್ತದೆಯೇ? – ದಾವಣಗೆರೆಯ ಓದುಗರು

ಉತ್ತರ: ಕಾನೂನಿನ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಈ ಮಾಪಕಗಳು ಕಣಗಳನ್ನು ತೂಗುವುದಿಲ್ಲ. ಕಣಕ್ಕೆ ತಾಗಿ ಚದುರುವ ಬೆಳಕನ್ನು ನೋಡಿ ಅಂದಾಜು ಮಾಡುತ್ತವೆ. ಮಂಜಿನ ಮುಂಜಾವಿನಲ್ಲಿ ತೇವ ಹೀರಿ ಉಬ್ಬಿದ ಕಣಗಳನ್ನು ಹೆಚ್ಚಾಗಿ ತೋರಿಸುತ್ತವೆ, ರಸ್ತೆ ಕೆಲಸದ ದಪ್ಪ ದೂಳನ್ನೋ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಪರದೆಯ ಮೇಲಿನ ಪಿಎಂ 10 ಅಂಕಿ ಎಷ್ಟೋ ಸಲ ಸಣ್ಣ ಕಣಗಳಿಂದ ಊಹಿಸಿದ್ದು. ಹಾಗೆಂದು ಅದು ನಿಷ್ಪ್ರಯೋಜಕವಲ್ಲ. ಒಂದೇ ಜಾಗದಲ್ಲಿಟ್ಟು ಕೆಲಸದ ದಿನ ಮತ್ತು ರಜೆಯ ದಿನದ ಏರಿಳಿತವನ್ನು ಗಂಟೆಗಂಟೆಗೆ ಬರೆದಿಟ್ಟರೆ, ಅಂಕಿ ತಪ್ಪಿದ್ದರೂ ಏರಿಳಿತದ ಜಾಡು ಸಿಗುತ್ತದೆ. ಅದನ್ನು ಮುಂದಿಟ್ಟು, ಅಂಥ ಗಂಟೆಗಳಲ್ಲಿ ಅಧಿಕೃತ ಮಾಪನ ಮಾಡಿಸಿ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೇಳಬಹುದು.

ಪ್ರಶ್ನೆ: ಟ್ಯಾಂಕರಿನಲ್ಲಿ ನೀರು ಹೊಡೆಯುವುದರಿಂದ ನಿಜವಾಗಿ ಪ್ರಯೋಜನವಿದೆಯೇ, ಕಣ್ಣೊರೆಸುವ ಕೆಲಸವೇ? – ಅದೇ ಓದುಗರು

ಉತ್ತರ: ನೆಲ ಒದ್ದೆಯಿರುವಷ್ಟು ಹೊತ್ತು ಮಾತ್ರ ಪ್ರಯೋಜನವಿದೆ. ಮಣ್ಣಿನ ದಾರಿಯಲ್ಲಿ ದೂಳು ಏಳುವುದು ಮೇಲ್ಪದರದ ನುಣುಪು ಮಣ್ಣು, ಗಾಡಿಯ ಭಾರ, ವೇಗ ಇವುಗಳನ್ನು ಅವಲಂಬಿಸಿದೆ. ಟಿಪ್ಪರಿನ ವೇಗ ಇಳಿಸುವುದಕ್ಕೆ ಒಂದು ಹನಿ ನೀರೂ ಬೇಡ. ಬೆಳಿಗ್ಗೆ ಎಂಟಕ್ಕೆ ಚಿಮುಕಿಸಿದ ನೀರು ಏಪ್ರಿಲಿನ ಬಿಸಿಲಿಗೆ ಹನ್ನೊಂದರವರೆಗೂ ಉಳಿಯುವುದಿಲ್ಲ. ರಿಜಿಸ್ಟರಿನಲ್ಲಿ ಮಧ್ಯಾಹ್ನದ ಸುತ್ತುಗಳು ಇವೆಯೇ, ಮತ್ತು ಬರೆದಷ್ಟು ಸುತ್ತಿಗೆ ಬೇಕಾದ ನೀರು ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ ನೋಡಿ.